ಓಪನ್ ಸೋರ್ಸ್ ಮತ್ತು ಸ್ವಾಮ್ಯದ ಓಎಸ್: ಭದ್ರತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತುಬಳಸು ಬೇಡ. ಲಿನಕ್ಸ್ ಹೆಚ್ಚು ಭದ್ರವೋ, ವಿಂಡೋಸೋ?

ಓಪನ್ ಸೋರ್ಸ್ ಎಂದರೆ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಓಎಸ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ), ಸ್ವಾಮ್ಯದ್ದು ಎಂದರೆ ಕಂಪನಿ ಅದನ್ನು ಮುಚ್ಚಿಟ್ಟದ್ದು. ಲೈಸೆನ್ಸ್ ನೋಡಿ ಇದನ್ನು ಹೇಳಲಾಗದು. ಎರಡು ವರ್ಷದಿಂದ ಅಪ್‌ಡೇಟ್ ಕಾಣದ ಲಿನಕ್ಸ್ ಸರ್ವರ್‌ಗಿಂತ ತಿಂಗಳು ತಿಂಗಳೂ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಪಡೆಯುವ ವಿಂಡೋಸ್ ಯಂತ್ರ ಎಷ್ಟೋ ಮೇಲು. ಇದರ ಉಲ್ಟಾ ಕೂಡ ಅಷ್ಟೇ ನಿಜ. ಕೇಳಬೇಕಾದ್ದು ಬೇರೆ: ದೋಷ ಸಿಕ್ಕಮೇಲೆ ಸರಿಪಡಿಸುವ ಹೊಣೆ ಯಾರದು? ಆ ಪ್ಯಾಚ್ ನಿಮ್ಮ ಯಂತ್ರ ತಲುಪಲು ಎಷ್ಟು ದಿನ ಬೇಕು? ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಏನೇನು ತೆರೆದಿರುತ್ತದೆ? ತಯಾರಕರ ಮಾತನ್ನು ಹೊರಗಿನವರು ಪರೀಕ್ಷಿಸಿ ನೋಡಬಹುದೇ? ಈ ಕೊನೆಯದರಲ್ಲಿ ಮಾತ್ರ ಓಪನ್ ಸೋರ್ಸ್‌ಗೆ ಹುಟ್ಟಿನಿಂದಲೇ ಮೇಲುಗೈ ಇದೆ. ಉಳಿದ ಮೂರೂ ಅದನ್ನು ನಡೆಸುವವರ ಶಿಸ್ತಿಗೆ ಬಿಟ್ಟದ್ದು.

ಯಾವುದು ಓಪನ್ ಸೋರ್ಸ್, ಯಾವುದು ಅಲ್ಲ?

ನಡುವಿನ ಗೆರೆ ಅಂದುಕೊಂಡಷ್ಟು ನೇರವಾಗಿಲ್ಲ. ಲಿನಕ್ಸ್ ಡಿಸ್ಟ್ರೋಗಳಾದ (ಬಳಕೆಗೆ ಸಿದ್ಧಪಡಿಸಿ ಕೊಡುವ ಲಿನಕ್ಸ್ ರೂಪಗಳಾದ) ಡೆಬಿಯನ್, ಫೆಡೋರಾ, ಜೊತೆಗೆ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಒಂದು ಕಡೆ, ವಿಂಡೋಸ್ ಇನ್ನೊಂದು ಕಡೆ. ಮ್ಯಾಕ್‌ಓಎಸ್‌ನ ಕರ್ನಲ್ (ಯಂತ್ರಾಂಶವನ್ನು ನೇರ ನಡೆಸುವ ತಿರುಳು) ಆದ ಎಕ್ಸ್‌ಎನ್‌ಯುವಿನ ಸೋರ್ಸ್ ಕೋಡನ್ನು ಆ್ಯಪಲ್ ಪ್ರಕಟಿಸುತ್ತದೆ, ಆದರೆ ಅದರ ಮೇಲಿನ ಬಹುಪಾಲು ಪದರಗಳು ಮುಚ್ಚಿವೆ. ಆಂಡ್ರಾಯ್ಡ್‌ನ ಬುಡ ಓಪನ್ ಸೋರ್ಸ್ ಆದರೂ ಕೈಯಲ್ಲಿರುವ ಫೋನ್‌ನ ಗೂಗಲ್ ಪ್ಲೇ ಸೇವೆಗಳು, ಮೋಡೆಮ್ ಫರ್ಮ್‌ವೇರ್ (ಬಿಡಿಭಾಗದೊಳಗೇ ಓಡುವ ತಂತ್ರಾಂಶ), ಹಲವು ಡ್ರೈವರ್‌ಗಳು ಸ್ವಾಮ್ಯದವು. ಮುಕ್ತ ತಂತ್ರಾಂಶದ ಹಟಕ್ಕೆ ಹೆಸರಾದ ಡೆಬಿಯನ್ ಕೂಡ 12ನೇ ಆವೃತ್ತಿಯಿಂದ ಸ್ವಾಮ್ಯದ ಫರ್ಮ್‌ವೇರನ್ನು ಇನ್‌ಸ್ಟಾಲರ್‌ನಲ್ಲೇ ಕೊಡುತ್ತಿದೆ. ಅದಿಲ್ಲದೆ ಎಷ್ಟೋ ವೈಫೈ ಕಾರ್ಡ್‌ಗಳು ಕೆಲಸವನ್ನೇ ಮಾಡವು.

ಕೋಡ್ ಎಲ್ಲರಿಗೂ ಕಾಣುವುದಾದರೆ ದಾಳಿಕೋರರಿಗೂ ಅನುಕೂಲವಲ್ಲವೇ?

ಸ್ವಲ್ಪ ಅನುಕೂಲ, ಹೌದು. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಅವರಿಗೆ ಅಡ್ಡಿಯಾಗುತ್ತದೆ ಎಂಬುದು ಭ್ರಮೆ. ದಾಳಿಕೋರರು ಪ್ಯಾಚ್ ಬರುವ ಮುಂಚಿನ ಫೈಲನ್ನೂ ನಂತರದ ಫೈಲನ್ನೂ ಪಕ್ಕಪಕ್ಕ ಇಟ್ಟು ಯಂತ್ರಭಾಷೆಯಲ್ಲೇ ಹೋಲಿಸುತ್ತಾರೆ. ಯಾವ ಫಂಕ್ಷನ್ ಬದಲಾಗಿದೆಯೋ ದೋಷ ಇದ್ದದ್ದು ಅಲ್ಲೇ. ಇದಕ್ಕೆಂದೇ ಪಳಗಿದ ಟೂಲ್‌ಗಳಿವೆ. ಇನ್ನು ಫಝಿಂಗ್, ಅಂದರೆ ಪ್ರೋಗ್ರಾಮ್‌ಗೆ ಅಡ್ಡಾದಿಡ್ಡಿ ಇನ್‌ಪುಟ್ ಸುರಿದು ಎಲ್ಲಿ ಕುಸಿಯುತ್ತದೆ ಎಂದು ನೋಡುವುದು. ಅದಕ್ಕೂ ಸೋರ್ಸ್ ಕೋಡ್ ಕಡ್ಡಾಯವಲ್ಲ.

ಗುಟ್ಟು ಇರಬೇಕಾದ್ದು ಕೀಲಿಯಲ್ಲಿ, ಯಂತ್ರದ ರಚನೆಯಲ್ಲಲ್ಲ ಎಂದು ಡಚ್ ತಜ್ಞ ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದು ಸಂಕೇತಲಿಪಿಯ ಬಗ್ಗೆ. ಓಎಸ್‌ಗೂ ಅದು ಸಲ್ಲುತ್ತದೆ.

ಓಪನ್ ಸೋರ್ಸ್‌ನ ನಿಜವಾದ ಅನಾನುಕೂಲ ಬೇರೆ ಕಡೆ ಇದೆ. ಪ್ಯಾಚ್ ಮೊದಲು ಸಾರ್ವಜನಿಕ ಕೋಡ್ ಭಂಡಾರಕ್ಕೆ ಸೇರಿ, ಆಮೇಲೆ ಡಿಸ್ಟ್ರೋಗಳ ಮೂಲಕ ಬಳಕೆದಾರರನ್ನು ತಲುಪುತ್ತದೆ. ಈ ನಡುವಿನ ಗಂಟೆಗಳಲ್ಲಿ ಕೋಡ್ ಬದಲಾವಣೆಯನ್ನು ಕಾಯುತ್ತ ಕೂತವರಿಗೆ ಸುಳಿವು ಸಿಗುತ್ತದೆ. ಅದಕ್ಕಾಗಿಯೇ ಲಿನಕ್ಸ್ ಡಿಸ್ಟ್ರೋಗಳ ಭದ್ರತಾ ತಂಡಗಳು ಖಾಸಗಿಯಾಗಿ ಮಾಹಿತಿ ಹಂಚಿಕೊಂಡು ಒಂದೇ ದಿನ ಪ್ಯಾಚ್ ಬಿಡುವ ಪದ್ಧತಿ ಇಟ್ಟುಕೊಂಡಿವೆ. ಹಾಗೆ ಗುಟ್ಟಾಗಿ ಇಡಬಹುದಾದದ್ದು ಗರಿಷ್ಠ 14 ದಿನ.

ಸಾವಿರ ಕಣ್ಣು ನೋಡಿದರೆ ದೋಷ ಉಳಿಯದು ಎನ್ನುತ್ತಾರಲ್ಲ?

ನೋಡಿದರೆ ಉಳಿಯದು. ನೋಡಬಹುದು ಎಂಬುದಕ್ಕೂ ನೋಡಿದ್ದಾರೆ ಎಂಬುದಕ್ಕೂ ಬಹಳ ದೂರ.

ಜಾಲತಾಣಗಳ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ 2012ರ ಮಾರ್ಚ್‌ನಲ್ಲಿ 1.0.1 ಆವೃತ್ತಿಯ ಜೊತೆ ಹೊರಬಿತ್ತು, ಬಯಲಾದದ್ದು 2014ರ ಏಪ್ರಿಲ್ 7ರಂದು. ಎದುರಿನವರು ತಾನು ಇಷ್ಟು ಬೈಟ್ ಕಳಿಸಿದ್ದೇನೆ ಎಂದು ಸುಳ್ಳು ಹೇಳಿದರೆ ಸರ್ವರ್ ಅದನ್ನು ನಂಬಿ, ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್‌ನಷ್ಟು ತನ್ನ ನೆನಪಿನ ತುಂಡನ್ನು ವಾಪಸ್ ಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್, ಖಾಸಗಿ ಕೀಲಿ ಏನು ಬೇಕಾದರೂ ಇರಬಹುದಿತ್ತು. ಅರ್ಧ ಇಂಟರ್ನೆಟ್ಟೇ ನೆಚ್ಚಿದ್ದ ಆ ಯೋಜನೆಗೆ ಆಗ ಇದ್ದದ್ದು ಬೆರಳೆಣಿಕೆಯ ಜನ, ಚಿಲ್ಲರೆ ದೇಣಿಗೆ. ಟೈಪ್ ಮಾಡಿದ ಕಮಾಂಡ್‌ಗಳನ್ನು ನಡೆಸುವ ಬ್ಯಾಶ್‌ನ ಶೆಲ್‌ಶಾಕ್ ದೋಷ ಇನ್ನೂ ಹಳೆಯದು: 1989ರಿಂದ 2014ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಅಡ್ಮಿನ್ ಹಕ್ಕಿನಿಂದ ಕಮಾಂಡ್ ನಡೆಸುವ ಸುಡೋ ಪ್ರೋಗ್ರಾಮ್‌ನಲ್ಲಿ ಸಾಮಾನ್ಯ ಬಳಕೆದಾರನನ್ನು ರೂಟ್ (ಪೂರ್ಣಾಧಿಕಾರದ ಬಳಕೆದಾರ) ಮಾಡಿಬಿಡುವ ದೋಷ 2011ರಿಂದ 2021ರವರೆಗೆ ಕೂತಿತ್ತು.

ಸ್ವಾಮ್ಯದ ಕಡೆಯವರು ಇದನ್ನು ಕೇಳಿ ಹಿಗ್ಗುವಂತೇನಿಲ್ಲ. 2017ರ ನವೆಂಬರ್‌ನಲ್ಲಿ ಮ್ಯಾಕ್‌ಓಎಸ್ ಹೈ ಸಿಯೆರಾದಲ್ಲಿ ಬಳಕೆದಾರನ ಹೆಸರಿಗೆ ರೂಟ್ ಎಂದು ಹಾಕಿ, ಪಾಸ್‌ವರ್ಡ್ ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಒಳಗೆ ಹೋಗಬಹುದಿತ್ತು. ಆ್ಯಪಲ್ ಮರುದಿನವೇ ಪ್ಯಾಚ್ ಕೊಟ್ಟಿತು ಎಂಬುದನ್ನೂ ಹೇಳಬೇಕು. ಎರಡು ಕಡೆಗೂ ಸೇರುವ ಉದಾಹರಣೆ 2014ರ ಫೆಬ್ರವರಿಯದು: ಆ್ಯಪಲ್‌ನ ಟಿಎಲ್‌ಎಸ್ (ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಪದ್ಧತಿ) ಕೋಡ್‌ನಲ್ಲಿ ಒಂದೇ ಸಾಲು ಎರಡು ಸಲ ಬಂದು ಸಹಿಯ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು. ಆ ಕೋಡನ್ನು ಆ್ಯಪಲ್ ಬಹಿರಂಗವಾಗಿಯೇ ಇಟ್ಟಿತ್ತು. ಐಫೋನ್‌ಗೆ ಪ್ಯಾಚ್ ಬಂದ ನಾಲ್ಕು ದಿನದ ನಂತರ ಮ್ಯಾಕ್‌ಗೆ ಬಂತು. ಆ ನಾಲ್ಕು ದಿನ ದೋಷ ಎಲ್ಲಿದೆ ಎಂದು ಜಗತ್ತಿಗೆಲ್ಲ ಗೊತ್ತು, ಮ್ಯಾಕ್ ಮಾತ್ರ ಹಾಗೇ.

ಎಕ್ಸ್‌ಝಡ್ ಹಿಂಬಾಗಿಲಿನ ಪ್ರಕರಣ ಓಪನ್ ಸೋರ್ಸ್‌ನ ಸೋಲೋ, ಗೆಲುವೋ?

ಎರಡೂ. ‘ಜಿಯಾ ಟಾನ್’ ಎಂಬ ಹೆಸರಿನ ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಎಕ್ಸ್‌ಝಡ್ ಸಂಕುಚನ ಲೈಬ್ರರಿಗೆ ಒಳ್ಳೆಯ ಪ್ಯಾಚ್‌ಗಳನ್ನೇ ಕಳಿಸುತ್ತ, ದಣಿದ ಏಕೈಕ ನಿರ್ವಾಹಕರ ವಿಶ್ವಾಸ ಗಳಿಸಿ ಬಿಡುಗಡೆಯ ಹಕ್ಕನ್ನೇ ಪಡೆಯಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ ಇತ್ತು.

ಅದನ್ನು ಅಡಗಿಸಿದ ರೀತಿ ಗಮನಿಸಬೇಕಾದ್ದು. ದುಷ್ಟ ಕೋಡ್‌ನ ಮುಖ್ಯ ಭಾಗ ಪರೀಕ್ಷೆಗೆಂದು ಇಟ್ಟ ಸಂಕುಚಿತ ಫೈಲ್‌ಗಳೊಳಗಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ (ಕೋಡನ್ನು ಪ್ರೋಗ್ರಾಮ್ ಆಗಿಸುವ ಸೂಚನೆಗಳ ಫೈಲ್) ಎಲ್ಲರೂ ನೋಡುವ ಗಿಟ್ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಗಿಟ್‌ನಲ್ಲಿ ಕಣ್ಣಾಡಿಸಿದವರಿಗೆ ಪೂರ್ತಿ ಕಥೆ ಸಿಗುತ್ತಿರಲಿಲ್ಲ. ಹಿಂಬಾಗಿಲಿನ ಗುರಿ ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್, ಅದಕ್ಕೂ ಎಕ್ಸ್‌ಝಡ್‌ಗೂ ನೇರ ಸಂಬಂಧವೂ ಇಲ್ಲ. ಆದರೆ ಕೆಲವು ಡಿಸ್ಟ್ರೋಗಳು ಎಸ್‌ಎಸ್‌ಎಚ್ ಸರ್ವರ್‌ಗೆ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ಶುರುಮಾಡಿ ನಡೆಸುವ ತಂತ್ರಾಂಶ) ಲೈಬ್ರರಿಯನ್ನು ತಾವೇ ಜೋಡಿಸಿದ್ದವು, ಅದು ಎಕ್ಸ್‌ಝಡ್ ಅನ್ನು ಎಳೆದು ತರುತ್ತಿತ್ತು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ಮೈಕ್ರೋಸಾಫ್ಟ್ ಉದ್ಯೋಗಿ ಆಂಡ್ರೆಸ್ ಫ್ರಾಯ್ಂಡ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್‌ನಷ್ಟು ತಡವಾಗುತ್ತಿದೆ ಎನಿಸಿತು. ಬೆನ್ನುಹತ್ತಿ ನೋಡಿ 2024ರ ಮಾರ್ಚ್ 29ರಂದು ಬಯಲು ಮಾಡಿದರು. ಅಷ್ಟರಲ್ಲಿ ಅದು ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್, ಫೆಡೋರಾದ ಪೂರ್ವ ಆವೃತ್ತಿಗಳಂಥ ಕಡೆ ತಲುಪಿತ್ತು, ಡೆಬಿಯನ್ ಸ್ಟೇಬಲ್‌ಗೆ ಇನ್ನೂ ಇಲ್ಲ. ಸೋರ್ಸ್ ಇಲ್ಲದಿದ್ದರೆ ಅರ್ಧ ಸೆಕೆಂಡಿನ ಅನುಮಾನ ಹಿಂಬಾಗಿಲಿನವರೆಗೆ ಇಷ್ಟು ಬೇಗ ಮುಟ್ಟುತ್ತಿರಲಿಲ್ಲ. ಆದರೆ ಆ ಅನುಮಾನ ಬಂದದ್ದು ಯಾವ ವ್ಯವಸ್ಥೆಯಿಂದಲೂ ಅಲ್ಲ, ಒಬ್ಬರ ಚಟದಿಂದ. ಸರ್ವರ್‌ಗೆ ರೋಲಿಂಗ್ ಆವೃತ್ತಿ (ಹೊಸತು ಬಂದಹಾಗೆ ಬದಲಾಗುತ್ತಲೇ ಇರುವುದು) ಬೇಡ ಎನ್ನುವವರಿಗೆ ಇಲ್ಲಿಂದ ಒಳ್ಳೆಯ ಕಾರಣ ಸಿಗುತ್ತದೆ.

ಕಂಪನಿಯೇ ಸಹಿ ಮಾಡಿದ ಅಪ್‌ಡೇಟ್‌ಗಳಲ್ಲಿ ಇಂಥದ್ದು ಆಗದಲ್ಲವೇ?

ಆಗಿದೆ. 2017ರ ಜೂನ್‌ನ ನಾಟ್‌ಪೆಟ್ಯಾ ಮಾಲ್‌ವೇರ್ ಹರಡಿದ್ದು ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶ ಎಂ.ಇ.ಡಾಕ್‌ನ ಅಪ್‌ಡೇಟ್ ದಾರಿಯಿಂದಲೇ. 2020ರಲ್ಲಿ ಬಯಲಾದ, ನೆಟ್‌ವರ್ಕ್ ನಿರ್ವಹಣೆಯ ತಂತ್ರಾಂಶ ಮಾಡುವ ಸೋಲಾರ್‌ವಿಂಡ್ಸ್ ಕಂಪನಿಯ ಪ್ರಕರಣದಲ್ಲಿ ಬಿಲ್ಡ್ ಯಂತ್ರದೊಳಗೇ ದುಷ್ಟ ಕೋಡ್ ಸೇರಿಸಲಾಗಿತ್ತು, ಸಹಿ ಅಸಲಿಯೇ. ಫೈಲ್ ಕಂಪನಿಯಿಂದ ಬಂದಿದೆ ಎನ್ನುವುದಷ್ಟೇ ಸಹಿಯ ಸಾಕ್ಷ್ಯ. ಕಂಪನಿಯೊಳಗೆ ಏನಾಗಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ.

ಯಾವ ಓಎಸ್‌ನಲ್ಲಿ ಎಷ್ಟು ಸಿವಿಇ ಬಂದಿವೆ ಎಂದು ಎಣಿಸಿದರೆ ಉತ್ತರ ಸಿಗುವುದಿಲ್ಲವೇ?

ಸಿವಿಇ ಎಂದರೆ ಗೊತ್ತಾದ ಒಂದೊಂದು ಭದ್ರತಾ ದೋಷಕ್ಕೂ ಕೊಡುವ ಸಂಖ್ಯೆ. ಅವನ್ನು ಎಣಿಸಿದರೆ ಉತ್ತರ ಸಿಗದು, ದಾರಿ ತಪ್ಪುತ್ತದೆ. 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನಲ್ ತಂಡವೇ ತನ್ನ ದೋಷಗಳಿಗೆ ಸಿವಿಇ ಸಂಖ್ಯೆ ಕೊಡುತ್ತಿದೆ. ಕರ್ನಲ್‌ನ ಯಾವ ತಪ್ಪಾದರೂ ಯಾರಿಗೋ ಭದ್ರತೆಯ ತೊಂದರೆ ಆಗಬಹುದು ಎಂಬುದು ಅವರ ನಿಲುವು. ಹಾಗಾಗಿ ಸಂಖ್ಯೆ ದಿಢೀರ್ ಏರಿತು, ಕೋಡ್ ದಿಢೀರ್ ಕೆಟ್ಟದ್ದಲ್ಲ. ಸ್ವಾಮ್ಯದ ಕಂಪನಿ ಒಳಗೇ ಕಂಡು ಸದ್ದಿಲ್ಲದೆ ಸರಿಪಡಿಸಿದ ದೋಷಕ್ಕೆ ಸಂಖ್ಯೆಯೇ ಇರದಿರಬಹುದು. ಜೊತೆಗೆ ಡೆಬಿಯನ್ ಎಂದರೆ ಹತ್ತಾರು ಸಾವಿರ ಪ್ಯಾಕೇಜ್‌ಗಳು. ಅದನ್ನು ಬರೀ ವಿಂಡೋಸ್ ಜೊತೆ ತೂಗುವುದು ಯಾವ ಲೆಕ್ಕ?

ಇದಕ್ಕಿಂತ ಉಪಯುಕ್ತವಾದದ್ದು ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ ನಡೆಸುತ್ತಿರುವ ಪಟ್ಟಿ: ವಾಸ್ತವದಲ್ಲಿ ದಾಳಿಗೆ ಬಳಕೆಯಾಗಿರುವ ದೋಷಗಳು ಮಾತ್ರ ಅದರಲ್ಲಿರುತ್ತವೆ. ನಿಮ್ಮಲ್ಲಿರುವ ತಂತ್ರಾಂಶದ ಹೆಸರನ್ನು ಅಲ್ಲಿ ಹುಡುಕಿ. ಸಿಕ್ಕರೆ ಆ ಪ್ಯಾಚ್ ಇವತ್ತೇ ಆಗಬೇಕು.

ಪ್ಯಾಚ್ ಯಾರದು ಬೇಗ ಬರುತ್ತದೆ?

ಮೈಕ್ರೋಸಾಫ್ಟ್ 2003ರಿಂದ ತಿಂಗಳ ಎರಡನೇ ಮಂಗಳವಾರದ ಪದ್ಧತಿ ಇಟ್ಟುಕೊಂಡಿದೆ. ತುರ್ತು ಇದ್ದರೆ ನಡುವೆಯೂ ಬಿಡುತ್ತದೆ. ಲಿನಕ್ಸ್ ಡಿಸ್ಟ್ರೋಗಳು ಸಿದ್ಧವಾದ ದಿನವೇ ಬಿಡುತ್ತವೆ. ವೇಗದಲ್ಲಿ ಡಿಸ್ಟ್ರೋಗಳು ಮುಂದೆ, ಯೋಜನೆ ಹಾಕಿಕೊಳ್ಳುವ ಅನುಕೂಲದಲ್ಲಿ ಮಂಗಳವಾರ ಮುಂದೆ.

ಆದರೆ ಹೆಚ್ಚಿನ ಅನಾಹುತಗಳು ಪ್ಯಾಚ್ ಬಾರದೆ ಆದವಲ್ಲ, ಹಾಕದೆ ಆದವು. ವನ್ನಾಕ್ರೈ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ಮಾಲ್‌ವೇರ್) ಬಳಸಿದ ಎಸ್‌ಎಂಬಿ (ವಿಂಡೋಸ್‌ನ ಫೈಲ್ ಹಂಚಿಕೆ ಪದ್ಧತಿ) ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ದಾಳಿ ಶುರುವಾದದ್ದು ಮೇ 12ರಂದು. ನಡುವೆ 59 ದಿನ.

ಲಿನಕ್ಸ್ ಕಡೆ ಹೊಸಬರು ಎಡವುವ ಒಂದು ಜಾಗವಿದೆ. ಡೆಬಿಯನ್, ರೆಡ್ ಹ್ಯಾಟ್‌ನಂಥ ಸ್ಥಿರ ಡಿಸ್ಟ್ರೋಗಳು ಆವೃತ್ತಿ ಬದಲಿಸದೆ ಹಳೆಯ ಆವೃತ್ತಿಗೇ ಪ್ಯಾಚ್ ಹೊಲಿಯುತ್ತವೆ. 2024ರ ಜುಲೈನಲ್ಲಿ ಬಯಲಾದ ಓಪನ್‌ಎಸ್‌ಎಸ್‌ಎಚ್ ದೋಷ ಮೂಲದಲ್ಲಿ ಸರಿಯಾದದ್ದು 9.8ಪಿ1ರಲ್ಲಿ. ಡೆಬಿಯನ್ 12ರಲ್ಲಿ ಅದು 9.2ಪಿ1 ಆಗಿಯೇ ಉಳಿದು, ಬಾಲದಲ್ಲಿ ‘ಡೆಬ್12ಯು3’ ಎಂದು ಸೇರಿತು. ಮುಂದಿನ ಸಂಖ್ಯೆಯನ್ನಷ್ಟೇ ಓದುವ ಸ್ಕ್ಯಾನರ್ ಕೆಂಪು ಬಾವುಟ ಹಾರಿಸುತ್ತದೆ. ಗಾಬರಿಯಾಗಿ ಹೊರಗಿನಿಂದ ಹೊಸ ಆವೃತ್ತಿ ತಂದು ಕಂಪೈಲ್ ಮಾಡಿ ಹಾಕಬೇಡಿ. ಹಾಗೆ ಹಾಕಿದ್ದಕ್ಕೆ ಮುಂದೆ ಡಿಸ್ಟ್ರೋದಿಂದ ಯಾವ ಪ್ಯಾಚೂ ಬಾರದು. ಡಿಸ್ಟ್ರೋದ ಭದ್ರತಾ ಪುಟದಲ್ಲಿ ಆ ಸಿವಿಇ ಸಂಖ್ಯೆ ಹಾಕಿ, ಪೂರ್ತಿ ಆವೃತ್ತಿಯ ಹೆಸರನ್ನು ಹೋಲಿಸಿ.

ಅಪ್‌ಡೇಟ್ ಆದಮೇಲೆ ರೀಸ್ಟಾರ್ಟ್ ಮಾಡಲೇಬೇಕೇ? ಲಿನಕ್ಸ್‌ಗೆ ಬೇಡವಂತಲ್ಲ?

ಬೇಕು. ಲಿನಕ್ಸ್ ಓಡುತ್ತಿರುವಾಗಲೇ ಫೈಲ್‌ಗಳನ್ನು ಬದಲಿಸಬಲ್ಲದು, ನಿಜ. ಆದರೆ ನೆನಪಿನಲ್ಲಿ ಓಡುತ್ತಿರುವುದು ಹಳೆಯ ಕರ್ನಲ್ಲೇ. ‘ಯುನೇಮ್ -ಆರ್’ ಕೊಟ್ಟು ಈಗಿನ ಕರ್ನಲ್ ಯಾವುದೆಂದು ನೋಡಿ, ಇನ್‌ಸ್ಟಾಲ್ ಆಗಿರುವ ಹೊಸತರ ಜೊತೆ ತಾಳೆ ಹಾಕಿ. ಲೈಬ್ರರಿಗಳದ್ದೂ ಇದೇ ಪಾಡು: ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆದರೂ ಅದನ್ನು ಮೊದಲೇ ತೆರೆದುಕೊಂಡ ವೆಬ್ ಸರ್ವರ್ ಹಳೆಯದನ್ನೇ ಹಿಡಿದಿರುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ‘ನೀಡ್‌ರೀಸ್ಟಾರ್ಟ್’ ಎಂಬ ಪ್ರೋಗ್ರಾಮ್ ಅಂಥ ಸೇವೆಗಳ ಪಟ್ಟಿ ಕೊಡುತ್ತದೆ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂದರೆ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಉಳಿಸಿಟ್ಟು ಮಲಗುವುದು ಎಂದರ್ಥ. ದಿನಾ ರಾತ್ರಿ ಆಫ್ ಮಾಡುವವರ ಯಂತ್ರವೂ ವಾರಗಟ್ಟಲೆ ಒಂದೇ ಕರ್ನಲ್ ಅವಧಿಯಲ್ಲಿ ಇರುವುದು ಹೀಗೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಆರಿಸಿ.

ಬೆಂಬಲ ಮುಗಿದ ಓಎಸ್ ಬಳಸಿದರೆ ಏನಾಗುತ್ತದೆ?

ಹೊಸ ಆವೃತ್ತಿಗೆ ಬರುವ ಪ್ರತಿ ಪ್ಯಾಚ್ ಹಳೆಯ ಆವೃತ್ತಿಯ ದೋಷ ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ಹಳೆಯದಕ್ಕೆ ಮಾತ್ರ ಪ್ಯಾಚ್ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಪ್ಯಾಚ್‌ಗೆ ನೋಂದಾಯಿಸಿಕೊಂಡವರಿಗಷ್ಟೇ ಅದರ ನಂತರವೂ ಕೆಲಕಾಲ ಬರುತ್ತದೆ. ಮ್ಯಾಕ್‌ನಲ್ಲಿ ಹಿಂದಿನ ಆವೃತ್ತಿಗಳಿಗೂ ಪ್ಯಾಚ್ ಬರುತ್ತದೆ, ಆದರೆ ಗೊತ್ತಿರುವ ದೋಷಗಳೆಲ್ಲ ಸರಿಯಾಗುವುದು ಇತ್ತೀಚಿನ ಆವೃತ್ತಿಯಲ್ಲಿ ಮಾತ್ರ.

ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಯಾದ ಎಲ್‌ಟಿಎಸ್‌ಗೆ ಐದು ವರ್ಷ ಎನ್ನುವುದರಲ್ಲೂ ಸಣ್ಣ ಅಕ್ಷರಗಳಿವೆ. ಆ ಐದು ವರ್ಷದ ಖಾತರಿ ‘ಮೇನ್’ ಭಂಡಾರದ ಪ್ಯಾಕೇಜ್‌ಗಳಿಗೆ. ಸಂಖ್ಯೆಯಲ್ಲಿ ಬಹಳ ದೊಡ್ಡದಾದ ‘ಯೂನಿವರ್ಸ್’ ಭಂಡಾರ ಸಮುದಾಯದ ಶ್ರಮವನ್ನು ನೆಚ್ಚಿದೆ, ಅದಕ್ಕೂ ಪ್ಯಾಚ್ ಬೇಕಿದ್ದರೆ ಉಬುಂಟು ಪ್ರೊ ಜೋಡಿಸಬೇಕು. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಅದು ಉಚಿತ. ಟರ್ಮಿನಲ್‌ನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಕೊಟ್ಟರೆ ನಿಮ್ಮ ಎಷ್ಟು ಪ್ಯಾಕೇಜ್‌ಗಳು ಯಾವ ಭಂಡಾರದವು ಎಂದು ತಿಳಿಯುತ್ತದೆ.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲವಂತೆ, ನಿಜವೇ?

ಡೆಸ್ಕ್‌ಟಾಪ್‌ನಲ್ಲಿ ಕಡಿಮೆ, ಏಕೆಂದರೆ ಗುರಿಯಾಗುವಷ್ಟು ಜನ ಇಲ್ಲ. ಜೊತೆಗೆ ತಂತ್ರಾಂಶ ಹೆಚ್ಚಾಗಿ ಡಿಸ್ಟ್ರೋದ ಭಂಡಾರದಿಂದಲೇ ಬರುತ್ತದೆ. ಸರ್ವರ್, ರೌಟರ್, ಕ್ಯಾಮೆರಾಗಳ ಲೋಕದಲ್ಲಿ ಲಿನಕ್ಸ್ ಮಾಲ್‌ವೇರ್ ಧಾರಾಳ. 2016ರ ಮಿರಾಯ್ ಮಾಲ್‌ವೇರ್ ಯಾವ ಜಾಣ ದೋಷವನ್ನೂ ಬಳಸಲಿಲ್ಲ: ತಯಾರಕರು ಮೊದಲೇ ಇಟ್ಟು, ಬಳಸುವವರು ಬದಲಿಸದೆ ಬಿಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ದೂರದಿಂದ ಲಾಗಿನ್ ಆಗುವ ಹಳೆಯ ದಾರಿಯಾದ ಟೆಲ್‌ನೆಟ್‌ನಲ್ಲಿ ಒಂದೊಂದಾಗಿ ಪ್ರಯತ್ನಿಸಿತು, ಅಷ್ಟೇ. 2017ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ನಯಾನಾ ಎಂಬ ಹೋಸ್ಟಿಂಗ್ ಕಂಪನಿಯ 153 ಲಿನಕ್ಸ್ ಸರ್ವರ್‌ಗಳನ್ನು ಎರೆಬಸ್ ರ‍್ಯಾನ್ಸಮ್‌ವೇರ್ ಲಾಕ್ ಮಾಡಿತು, ಕಂಪನಿ ಹಣ ತೆತ್ತಿತು.

ಡೆಸ್ಕ್‌ಟಾಪ್‌ನಲ್ಲೂ ಒಂದು ವಿಷಯ ತಿಳಿದಿರಲಿ. ಹಳೆಯ ಎಕ್ಸ್11 ಪರದೆ ವ್ಯವಸ್ಥೆಯಲ್ಲಿ ಯಾವ ಕಿಟಕಿಯ ಪ್ರೋಗ್ರಾಮ್ ಆದರೂ ಬೇರೆ ಕಿಟಕಿಯಲ್ಲಿ ನೀವು ಒತ್ತುವ ಕೀಲಿಗಳನ್ನು ಓದಬಹುದು. ವೇಲ್ಯಾಂಡ್ ಇದನ್ನು ತಡೆಯುತ್ತದೆ. ಲಾಗಿನ್ ಪರದೆಯಲ್ಲಿ ಯಾವುದು ಆಯ್ಕೆಯಾಗಿದೆ ನೋಡಿ. ವೆಬ್ ಪುಟದಲ್ಲಿ ಕಂಡ ಒಂದು ಸಾಲಿನ ಕಮಾಂಡನ್ನು ಸುಡೋ ಸಮೇತ ಅಂಟಿಸುವ ಅಭ್ಯಾಸ ಇದ್ದರಂತೂ ಮೇಲಿನ ಯಾವ ರಕ್ಷಣೆಯೂ ಕಾಯದು.

ಇಳಿಸಿಕೊಂಡ ಐಎಸ್‌ಒ ಅಸಲಿಯೇ ಎಂದು ನೋಡುವುದು ಹೇಗೆ?

ಐಎಸ್‌ಒ ಎಂದರೆ ಓಎಸ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಡಿಸ್ಟ್ರೋದ ಜಾಲತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲಿದ್ದ ಐಎಸ್‌ಒಗೆ ತಿರುಗಿಸಿದ್ದರು. ಆದ್ದರಿಂದ ಎರಡು ಹಂತ ಬೇಕು.

ಮೊದಲನೆಯದು ಹ್ಯಾಶ್, ಅಂದರೆ ಇಡೀ ಫೈಲಿನಿಂದ ಲೆಕ್ಕಹಾಕಿದ ಗುರುತಿನ ಮೊತ್ತ. ಐಎಸ್‌ಒ ಜೊತೆಗೆ ಶಾ256 ಮೊತ್ತಗಳ ಫೈಲನ್ನೂ ಅದರ ಸಹಿಯ ಫೈಲನ್ನೂ ಇಳಿಸಿಕೊಳ್ಳಿ. ಲಿನಕ್ಸ್‌ನಲ್ಲಿ ‘ಶಾ256ಸಮ್’, ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಕೊಟ್ಟರೆ 64 ಅಕ್ಷರಗಳ ಮೊತ್ತ ಬರುತ್ತದೆ. ಅದನ್ನು ಪೂರ್ತಿ ಹೋಲಿಸಿ. ಇಳಿಕೆ ಅರ್ಧಕ್ಕೆ ಕೆಟ್ಟಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ ಜಾಲತಾಣಕ್ಕೆ ನುಗ್ಗಿದವರು ಮೊತ್ತವನ್ನೂ ಬದಲಿಸಬಲ್ಲರು. ಅದಕ್ಕೇ ಎರಡನೆಯ ಹಂತ: ‘ಜಿಪಿಜಿ --ವೆರಿಫೈ’ ಮೂಲಕ ಮೊತ್ತಗಳ ಫೈಲಿನ ಸಹಿ ನೋಡುವುದು. ಡಿಸ್ಟ್ರೋದ ಕೀಲಿಯ ಬೆರಳಚ್ಚನ್ನು (ಆ ಕೀಲಿಯ ಗುರುತಿನ ಸಂಖ್ಯೆಯನ್ನು) ಐಎಸ್‌ಒ ಕೊಟ್ಟ ಜಾಲತಾಣದಿಂದಲ್ಲದೆ ಬೇರೆ ಕಡೆಯಿಂದಲೂ ಖಚಿತಪಡಿಸಿಕೊಳ್ಳಿ. ‘ಗುಡ್ ಸಿಗ್ನೇಚರ್’ ಎಂಬುದರ ಜೊತೆಗೆ ಕೀಲಿ ನಂಬಿಕಸ್ಥವೆಂದು ದೃಢಪಟ್ಟಿಲ್ಲ ಎಂಬ ಎಚ್ಚರಿಕೆ ಬಂದರೆ ಹೆದರಬೇಕಿಲ್ಲ. ಆ ಕೀಲಿಯನ್ನು ನೀವಿನ್ನೂ ಅನುಮೋದಿಸಿಲ್ಲ ಎಂದಷ್ಟೇ ಅರ್ಥ. ‘ಬ್ಯಾಡ್ ಸಿಗ್ನೇಚರ್’ ಬಂದರೆ ಮಾತ್ರ ಫೈಲ್ ಅಳಿಸಿ.

ಡಿಸ್ಕ್ ಎನ್‌ಕ್ರಿಪ್ಷನ್‌ನಲ್ಲಿ ಬಿಟ್‌ಲಾಕರ್ ಮೇಲೋ, ಲಕ್ಸ್ ಮೇಲೋ?

ಕೀಲಿಯಿಲ್ಲದೆ ಡಿಸ್ಕ್ ಓದಲಾಗದಂತೆ ಮಾಡಲು ವಿಂಡೋಸ್‌ನಲ್ಲಿರುವುದು ಬಿಟ್‌ಲಾಕರ್, ಲಿನಕ್ಸ್‌ನಲ್ಲಿರುವುದು ಲಕ್ಸ್. ಗಣಿತದಲ್ಲಿ ಎರಡೂ ಗಟ್ಟಿ. ವ್ಯತ್ಯಾಸ ಇರುವುದು ಕೀಲಿ ಎಲ್ಲಿರುತ್ತದೆ ಎಂಬುದರಲ್ಲಿ.

ಬಿಟ್‌ಲಾಕರ್ ಸಾಮಾನ್ಯವಾಗಿ ಕೀಲಿ ಕಾಯುವ ಟಿಪಿಎಂ ಚಿಪ್ ಒಂದನ್ನೇ ನೆಚ್ಚುತ್ತದೆ. ಪವರ್ ಒತ್ತಿದ ಕೂಡಲೇ ಏನೂ ಕೇಳದೆ ಬೂಟ್ ಆಗುತ್ತದೆ. ಟಿಪಿಎಂ ಬೇರೆ ಚಿಪ್ ಆಗಿರುವ ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡ್ ಮೇಲಿನ ತಂತುಗಳಿಂದಲೇ ಕೀಲಿ ಕದ್ದು ತೋರಿಸಿದವರಿದ್ದಾರೆ. ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿಯ ಬಿಟ್‌ಲಾಕರ್ ವಿಭಾಗದೊಳಗೆ, ಓಎಸ್ ಡ್ರೈವ್‌ಗಳ ಕೆಳಗೆ, ಸ್ಟಾರ್ಟಪ್‌ನಲ್ಲಿ ಹೆಚ್ಚುವರಿ ದೃಢೀಕರಣ ಕೇಳುವ ಆಯ್ಕೆ ಇದೆ. ಅದನ್ನು ಆನ್ ಮಾಡಿ ಪಿನ್ ಸೇರಿಸಿದರೆ ಈ ದಾರಿ ಮುಚ್ಚುತ್ತದೆ. 48 ಅಂಕಿಗಳ ರಿಕವರಿ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು. ಅದು ಅಲ್ಲಿರುವುದು ನಿಮಗೆ ಅನುಕೂಲವೋ ಆತಂಕವೋ ನೀವೇ ನಿರ್ಧರಿಸಿ, ಆದರೆ ಕಾಗದದಲ್ಲೊಂದು ಪ್ರತಿ ಇರಲಿ. ಫರ್ಮ್‌ವೇರ್ ಅಪ್‌ಡೇಟ್ ಆದಾಗ, ಸೆಕ್ಯೂರ್ ಬೂಟ್ ಬದಲಿಸಿದಾಗ ಅದನ್ನೇ ಕೇಳುತ್ತದೆ.

ಲಕ್ಸ್ ಪ್ರತಿ ಬೂಟ್‌ಗೂ ಪಾಸ್‌ಫ್ರೇಸ್ ಕೇಳುತ್ತದೆ, ಮರೆತರೆ ಯಾರೂ ತೆಗೆದುಕೊಡಲಾರರು. ಬಹುತೇಕ ಡಿಸ್ಟ್ರೋಗಳಲ್ಲಿ ಇದನ್ನು ಇನ್‌ಸ್ಟಾಲ್ ಮಾಡುವಾಗಲೇ ಟಿಕ್ ಮಾಡಬೇಕು, ಆಮೇಲೆ ಸೇರಿಸುವುದು ತ್ರಾಸ. ಇನ್ನೊಂದು ಅಪಾಯ ಹೆಡರ್‌ನದ್ದು. ಡಿಸ್ಕ್‌ನ ಮುಂಭಾಗದ ಆ ಸಣ್ಣ ಭಾಗ ಕೆಟ್ಟರೆ ಸರಿಯಾದ ಪಾಸ್‌ಫ್ರೇಸ್ ಇದ್ದರೂ ಏನೂ ತೆರೆಯದು. ‘ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್’ ಮಾಡಿ ಬೇರೆ ಕಡೆ ಇಡಿ. ಮುಂದೆ ಪಾಸ್‌ಫ್ರೇಸ್ ಬದಲಿಸಿದರೆ ಹಳೆಯ ಹೆಡರ್ ಪ್ರತಿಯನ್ನು ನಾಶಮಾಡಿ, ಏಕೆಂದರೆ ಆ ಪ್ರತಿಯ ಮೂಲಕ ಹಳೆಯ ಪಾಸ್‌ಫ್ರೇಸ್ ಇನ್ನೂ ನಡೆಯುತ್ತದೆ.

ಲಿನಕ್ಸ್ ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡಬೇಕೇ?

ಸೆಕ್ಯೂರ್ ಬೂಟ್ ಎಂದರೆ ನಂಬಿಕಸ್ಥ ಸಹಿ ಇರುವ ಕೋಡ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ. ಉಬುಂಟು, ಫೆಡೋರಾ, ಡೆಬಿಯನ್‌ಗೆ ಆಫ್ ಮಾಡುವುದು ಬೇಡ. ಅವುಗಳ ಮೊದಲ ಬೂಟ್‌ಲೋಡರ್ ಆದ ಶಿಮ್‌ಗೆ ಮೈಕ್ರೋಸಾಫ್ಟ್ ಸಹಿ ಇದೆ. ತಕರಾರು ಬರುವುದು ಹೊರಗಿನ ಕರ್ನಲ್ ಮಾಡ್ಯೂಲ್‌ಗಳಲ್ಲಿ, ಎನ್‌ವಿಡಿಯಾ ಡ್ರೈವರ್, ವರ್ಚುಯಲ್‌ಬಾಕ್ಸ್ ಥರದವು. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಎಂಓಕೆ (ಯಂತ್ರದ ಮಾಲೀಕರ ಕೀಲಿ) ನೋಂದಣಿ ತೋರಿಸುತ್ತದೆ. ಅಲ್ಲಿ ಅವಸರದಿಂದ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಲೋಡ್ ಆಗದು, ಜನ ಸೆಕ್ಯೂರ್ ಬೂಟನ್ನು ಬೈಯುತ್ತಾರೆ. ‘ಎನ್‌ರೋಲ್ ಎಂಓಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಸೆಕ್ಯೂರ್ ಬೂಟ್‌ನ 2011ರ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುವುದರಿಂದ ಫರ್ಮ್‌ವೇರ್ ಅಪ್‌ಡೇಟ್‌ಗಳನ್ನು ತಳ್ಳಿಹಾಕಬೇಡಿ. ಲಿನಕ್ಸ್‌ನಲ್ಲಿ ಅದಕ್ಕೆ ‘ಎಫ್‌ಡಬ್ಲ್ಯುಯುಪಿಡಿ’ ಇದೆ.

ಸ್ವಾಮ್ಯದ ಓಎಸ್‌ನಲ್ಲಿ ಹಿಂಬಾಗಿಲು ಇಲ್ಲ ಎಂದು ನಂಬುವುದು ಹೇಗೆ?

ಹೊರಗಿನವರಿಗೆ ಪೂರ್ತಿ ಪರೀಕ್ಷಿಸುವ ದಾರಿ ಇಲ್ಲ. ಮೈಕ್ರೋಸಾಫ್ಟ್ 2003ರಿಂದ ಸರ್ಕಾರಗಳಿಗೆ ಸೋರ್ಸ್ ನೋಡಲು ಬಿಡುವ ಯೋಜನೆ ನಡೆಸುತ್ತಿದೆ. ಸಾಮಾನ್ಯ ಬಳಕೆದಾರರಿಗೆ ಅದರಿಂದ ನೇರ ಪ್ರಯೋಜನವಿಲ್ಲ.

ಓಪನ್ ಸೋರ್ಸ್‌ನಲ್ಲೂ ಸೋರ್ಸ್ ಓದಿದರೆ ಮುಗಿಯಲಿಲ್ಲ. ನೀವು ಓದಿದ ಕೋಡೂ ನಿಮ್ಮ ಯಂತ್ರದಲ್ಲಿ ಓಡುತ್ತಿರುವ ಬೈನರಿಯೂ (ಯಂತ್ರಭಾಷೆಯ ಫೈಲ್) ಒಂದೇ ಎಂದು ಹೇಗೆ ಗೊತ್ತು? ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ನಲ್ಲೇ ಹಿಂಬಾಗಿಲು ಅಡಗಿಸಬಹುದು ಎಂದು ಯುನಿಕ್ಸ್ ಓಎಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಇದಕ್ಕೆ ಉತ್ತರವಾಗಿ ಬಂದದ್ದು ರಿಪ್ರೊಡ್ಯೂಸಿಬಲ್ ಬಿಲ್ಡ್: ಬೇರೆ ಬೇರೆ ಜನ ಬೇರೆ ಬೇರೆ ಯಂತ್ರದಲ್ಲಿ ಕಂಪೈಲ್ ಮಾಡಿದರೂ ಬೈಟ್‌ಗೆ ಬೈಟ್ ಒಂದೇ ಫೈಲ್ ಬರಬೇಕು. ಡೆಬಿಯನ್ 2013ರಿಂದ ಇದರ ಹಿಂದೆ ಬಿದ್ದಿದೆ, ದೊಡ್ಡ ಪಾಲು ಸಾಧಿಸಿದೆ. ನಮ್ಮ ದೃಷ್ಟಿಯಲ್ಲಿ ಸೋರ್ಸ್ ತೆರೆದಿರುವುದಕ್ಕಿಂತ ಇದು ದೊಡ್ಡ ಲಾಭ.

ಡಿಸ್ಟ್ರೋ ತಾನೇ ಮಾಡುವ ಬದಲಾವಣೆಯಿಂದ ಕೆಡುಕಾಗಿದೆಯೇ?

ಆಗಿದೆ. ಡೆಬಿಯನ್ 2006ರಲ್ಲಿ ಒಂದು ಎಚ್ಚರಿಕೆ ಸಂದೇಶ ನಿಲ್ಲಿಸಲು ಓಪನ್‌ಎಸ್‌ಎಸ್‌ಎಲ್‌ನ ಕೋಡ್ ತೆಗೆಯಿತು. ಅದರಿಂದ ಯಾದೃಚ್ಛಿಕ ಸಂಖ್ಯೆಗೆ ಉಳಿದ ಬೀಜ ಪ್ರೋಸೆಸ್ ಐಡಿ (ಓಡುವ ಪ್ರೋಗ್ರಾಮ್‌ಗೆ ಓಎಸ್ ಕೊಡುವ ಸಂಖ್ಯೆ) ಮಾತ್ರ, ಅಂದರೆ 32,767 ಸಾಧ್ಯತೆಗಳು. 2008ರ ಮೇ 13ರಂದು ಗೊತ್ತಾಗುವವರೆಗೆ ಆ ಯಂತ್ರಗಳಲ್ಲಿ ಹುಟ್ಟಿದ ಎಸ್‌ಎಸ್‌ಎಚ್ ಕೀಲಿಗಳೆಲ್ಲ ಊಹಿಸಬಹುದಾದವು. ಪ್ಯಾಚ್ ಹಾಕಿದರಷ್ಟೇ ಸಾಲದೆ ಕೀಲಿಗಳನ್ನೇ ಹೊಸದಾಗಿ ಮಾಡಬೇಕಾಯಿತು.

ಹೊಸ ಲಿನಕ್ಸ್ ಸರ್ವರ್‌ನಲ್ಲಿ ಮೊದಲ ದಿನ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ?

ಎಸ್‌ಎಸ್‌ಎಚ್ ಕೀಲಿ ಸೇರಿಸಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಎಡವುವುದು ಇಲ್ಲಿ: ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ‘ನೋ’ ಎಂದು ಬರೆದರೂ ಹಲವು ಕ್ಲೌಡ್ ಯಂತ್ರಗಳಲ್ಲಿ 50-ಕ್ಲೌಡ್-ಇನಿಟ್ ಎಂಬ ಪುಟ್ಟ ಫೈಲ್ ‘ಯೆಸ್’ ಎಂದು ಮೊದಲೇ ಹೇಳಿರುತ್ತದೆ. ಎಸ್‌ಎಸ್‌ಎಚ್ ಸರ್ವರ್ ಮೊದಲು ಕಂಡ ಬೆಲೆಯನ್ನೇ ಹಿಡಿಯುತ್ತದೆ. ಆ ಪುಟ್ಟ ಫೈಲ್ ಇರುವ ಫೋಲ್ಡರ್‌ನಲ್ಲೇ 00 ಇಂದ ಶುರುವಾಗುವ ಹೆಸರಿನ ನಿಮ್ಮ ಫೈಲ್ ಇಡಿ. ಸರ್ವರ್ ಪ್ರೋಗ್ರಾಮನ್ನು ದೊಡ್ಡಕ್ಷರದ ಟಿ ಆಯ್ಕೆಯೊಂದಿಗೆ ಓಡಿಸಿ ನಿಜವಾದ ಬೆಲೆ ನೋಡಿ. ಈಗಿನ ಸೆಷನ್ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಪ್ರಯತ್ನಿಸಿ.

ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಇರುತ್ತದೆ, ಆನ್ ಆಗಿರುವುದಿಲ್ಲ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟ ಮೇಲೆಯೇ ಆನ್ ಮಾಡಿ, ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ. ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಡಬ್ಬಗಳಲ್ಲಿ ಓಡಿಸುವ ತಂತ್ರಾಂಶ) ಇದ್ದರೆ ಇನ್ನಷ್ಟು ಎಚ್ಚರ: ಅದು ಪ್ರಕಟಿಸುವ ಪೋರ್ಟ್‌ಗಳು ಯುಎಫ್‌ಡಬ್ಲ್ಯು ನಿಯಮಗಳನ್ನು ದಾಟಿ ಹೋಗುತ್ತವೆ. ಫೈರ್‌ವಾಲ್ ಮುಚ್ಚಿದೆ ಎಂದುಕೊಂಡ ಡೇಟಾಬೇಸ್ ಇಂಟರ್ನೆಟ್‌ಗೆ ತೆರೆದಿರುತ್ತದೆ. 8080:80 ಎಂದು ಬರೆಯುವ ಬದಲು 127.0.0.1:8080:80 ಎಂದು ಬರೆಯಿರಿ. ಕೊನೆಗೆ ಬೇರೊಂದು ಯಂತ್ರದಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ, ಒಳಗಿನಿಂದ ನೋಡಿದ್ದು ಲೆಕ್ಕಕ್ಕಿಲ್ಲ.

ಫೆಡೋರಾ, ರೆಡ್ ಹ್ಯಾಟ್‌ನಲ್ಲಿ ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಯಾವ ಫೈಲ್ ಮುಟ್ಟಬಹುದೆಂದು ಲೇಬಲ್ ನೋಡಿ ತೀರ್ಮಾನಿಸುವ ಕಾವಲು) ಅಡ್ಡ ಬಂದರೆ ಅದನ್ನೇ ಆಫ್ ಮಾಡುವುದು ಮಾಮೂಲಿ ಸಲಹೆ, ಕೆಟ್ಟ ಸಲಹೆ. ಬಹಳ ಸಲ ಕಾರಣ ಇಷ್ಟೇ: ಮನೆ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ ಫೈಲನ್ನು ‘ಎಂವಿ’ (ಸ್ಥಳಾಂತರ) ಮಾಡಿರುತ್ತಾರೆ, ಹಳೆಯ ಲೇಬಲ್ ಜೊತೆಗೇ ಬಂದಿರುತ್ತದೆ. ‘ರಿಸ್ಟೋರ್‌ಕಾನ್’ ಓಡಿಸಿದರೆ ಸರಿಹೋಗುತ್ತದೆ.

ವಿಂಡೋಸ್‌ನಲ್ಲಿ?

ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ, ಅಡ್ಮಿನ್ ಖಾತೆ ಬೇರೆ. ಅದಾಗದಿದ್ದರೆ ಯುಎಸಿ (ಅಡ್ಮಿನ್ ಹಕ್ಕು ಕೊಡುವ ಮುನ್ನ ನಿಮ್ಮನ್ನು ಕೇಳುವ ವ್ಯವಸ್ಥೆ) ಜಾರುಗುಂಡಿಯನ್ನು ಮೇಲ್ತುದಿಗೆ ಏರಿಸಿ. ಮೊದಲೇ ಇರುವ ಮಟ್ಟದಲ್ಲಿ ವಿಂಡೋಸ್‌ನದೇ ಕೆಲವು ಪ್ರೋಗ್ರಾಮ್‌ಗಳು ಕೇಳದೆಯೇ ಅಡ್ಮಿನ್ ಹಕ್ಕು ಪಡೆಯುತ್ತವೆ, ಮಾಲ್‌ವೇರ್ ಅವುಗಳ ಬೆನ್ನೇರುತ್ತದೆ. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇರಲಿ. ಆನ್ ಆಗದಿದ್ದರೆ ಹೊಂದದ ಹಳೆಯ ಡ್ರೈವರ್‌ನ ಹೆಸರು ಅಲ್ಲೇ ಕಾಣುತ್ತದೆ, ಅದನ್ನು ತೆಗೆಯಿರಿ ಅಥವಾ ಹೊಸತು ಹಾಕಿ. ಎಸ್‌ಎಂಬಿ 1 ಆನ್ ಆಗಿದ್ದರೆ ವಿಂಡೋಸ್ ಫೀಚರ್‌ಗಳ ಪಟ್ಟಿಯಲ್ಲಿ ತೆಗೆಯಿರಿ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ನೇರ ಇಂಟರ್ನೆಟ್‌ಗೆ ಬಿಡಬೇಡಿ, ವಿಪಿಎನ್ ಹಿಂದೆ ಇಡಿ.

ವಿಂಡೋಸ್ 10ರ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಭದ್ರವಾಗುತ್ತದೆಯೇ?

ಓಎಸ್‌ನ ಮಟ್ಟಿಗೆ ಹೌದು. ಯಂತ್ರದ ಫರ್ಮ್‌ವೇರ್‌ಗೆ ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದರೆ ಆ ದೋಷಗಳು ಹಾಗೇ ಉಳಿಯುತ್ತವೆ. ವಿಂಡೋಸ್ ಅಳಿಸುವ ಮೊದಲೇ ಕೊನೆಯ ಬಯೋಸ್ ಅಪ್‌ಡೇಟ್ ಹಾಕಿಬಿಡಿ, ಕೆಲವು ತಯಾರಕರ ಅಪ್‌ಡೇಟರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆಮೇಲೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ವೈಫೈ, ಧ್ವನಿ, ಸ್ಲೀಪ್ ನೋಡಿ.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಹಾಕುವುದಾದರೆ ಮೊದಲು ರಿಕವರಿ ಕೀಲಿಯನ್ನು ಬರೆದಿಟ್ಟುಕೊಂಡು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ. ಪಾರ್ಟಿಶನ್ ಕುಗ್ಗಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ, ಲಿನಕ್ಸ್ ಇನ್‌ಸ್ಟಾಲರ್‌ನಿಂದಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ: ಅರ್ಧ ಮಲಗಿದ ವಿಂಡೋಸ್ ಪಾರ್ಟಿಶನ್‌ಗೆ ಲಿನಕ್ಸ್‌ನಿಂದ ಬರೆದರೆ ಫೈಲ್‌ಗಳು ಕೆಡುತ್ತವೆ. ಎರಡೂ ಬೂಟ್ ಆಗುತ್ತಿವೆ ಎಂದು ಖಚಿತವಾದ ಮೇಲೆ ಬಿಟ್‌ಲಾಕರ್ ಮತ್ತೆ ಆನ್ ಮಾಡಿ.